ಗುಂಡನಿಗೆ ಬರುವ ಭಾಷೆ

ಮನೆಯಲ್ಲಿ ನನ್ನ ಮಾತು ಕೇಳುವ ಒಂದು ಜೀವವಾದರೂ ಇರಲಿ ಎಂಬ ದುರಾಸೆಯಿಂದಲೇ ನಾನು ನಾಯಿ ಸಾಕಿದ್ದು. ಹೆಂಡತಿ ಸರೋಜಳ ತಮ್ಮ ಕೈವಾರದಿಂದ ತಂದುಕೊಟ್ಟ ಮರಿಗೆ ಹುಟ್ಟಿನಿಂದಲೇ ಬಾಯಿಯ ಅಂಗುಳ ಸೀಳಿತ್ತು. ಕುಡಿದ ಹಾಲು ಮೂಗಿನಲ್ಲಿ ಇಳಿಯುತ್ತಿತ್ತು. "ಇದು ಉಳಿಯಲ್ಲ ಬಿಡಿ" ಎಂದರು ಎಲ್ಲರೂ. ನನಗೆ ಹಟ ಬಂತು. ಮುದ್ದೆಯನ್ನು ಗೋಲಿಯಷ್ಟು ಉಂಡೆ ಮಾಡಿ, ಒಂದೊಂದೇ ನುಂಗಿಸಿ ಬೆಳೆಸಿದೆ. ಹೆತ್ತ ಮಕ್ಕಳಿಗೂ ನಾನು ಇಷ್ಟು ಮಾಡಿರಲಿಲ್ಲವೆಂದು ಸರೋಜ ಈಗಲೂ ಹಂಗಿಸುತ್ತಾಳೆ.

ಗುಂಡ ಉಳಿದ. ಆದರೆ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಮಂಡ್ಯದ ಕಡೆಯಿಂದ ಶಿಡ್ಲಘಟ್ಟಕ್ಕೆ ಬಂದವನು, ಬರುವುದು ಕನ್ನಡವೊಂದೇ. "ಅದು ತೆಲುಗು ಮಾತಾಡೋರ ಮನೇಲಿ ಹುಟ್ಟಿದ್ದು ಕಣ್ರೀ, ನಿಮ್ಮ ಕನ್ನಡ ಅದಕ್ಕೆಲ್ಲಿ ಅರ್ಥ ಆಗುತ್ತೆ?" ಎಂದಳು ಸರೋಜ. ಇರಬಹುದು ಅನ್ನಿಸಿತು. ಮದುವೆಯಾದಾಗಿನಿಂದ ಮಾವನ ಮನೆಯವರೆಲ್ಲ ಗೋಗರೆದರೂ ಕಲಿಯದ ತೆಲುಗನ್ನು ನಾಯಿಗಾಗಿ ಕಲಿತೆ. ಬೆಳಗೆದ್ದು ಬಾಗಿಲಲ್ಲಿ ನಿಂತು "ರಾರಾ ಗುಂಡಾ, ಇಟು ರಾ ನಾಯನಾ" ಎಂದು ಕೂಗುತ್ತಿದ್ದೆ. ಎದುರುಮನೆಯ ಗುಂಡಪ್ಪನವರು ಬಂದು ಏನೆಂದು ಕೇಳಿ ಹೋದರು. ಗುಂಡ ಮಾತ್ರ ಅಲ್ಲಾಡಲಿಲ್ಲ.

ಒಂದು ದಿನ ಅವನು ರಸ್ತೆಯ ನಡುವೆ ಕೂತಿದ್ದಾಗ ಚಿಂತಾಮಣಿ ಬಸ್ಸು ಹಾರ್ನ್ ಹೊಡೆಯುತ್ತಾ ಮೈಮೇಲೇ ಬಂತು. ಅವನು ಕದಲಲಿಲ್ಲ. ಡ್ರೈವರ್ ಬ್ರೇಕ್ ಹಾಕಿದ್ದರಿಂದ ಬದುಕಿದ. ಸರೋಜ ನಡುಗಿಹೋದಳು. "ಇದು ಸಾಯೋದನ್ನ ನನ್ ಕೈಲಿ ನೋಡಕ್ಕಾಗಲ್ಲ. ಭಾನುವಾರ ತಮ್ಮ ಬರ್ತಾನೆ, ವಾಪಸ್ ಕಳಿಸಿಬಿಡಣ."

"ನಾನಿರೋ ತನಕ ಅದು ಎಲ್ಲಿಗೂ ಹೋಗಲ್ಲ!" ಎಂದು ಗುಡುಗಿದೆ. ಹಾರ್ನ್‌ಗೆ ಕನ್ನಡವೂ ಇಲ್ಲ, ತೆಲುಗೂ ಇಲ್ಲ ಎಂಬುದು ಆಗ ತಲೆಗೆ ಹೊಳೆಯಿತು.

ಮರುದಿನವೇ ಅವನನ್ನು ಚಿಕ್ಕಬಳ್ಳಾಪುರದ ಪಶುವೈದ್ಯರ ಮುಂದೆ ಕೂರಿಸಿದೆ. "ಅಂಗುಳ ಸೀಳಿರೋ ಮರಿಗಳಿಗೆ ಹೀಗಾಗೋದುಂಟು. ಗಂಟಲಿಂದ ಕಿವಿಗೆ ಹೋಗೋ ಕೊಳವೆ ಸರಿಯಾಗಿ ತೆರ್ಕೊಳ್ಳಲ್ಲ, ಕಿವಿತಮಟೆ ಹಿಂದೆ ನೀರು ನಿಲ್ಲುತ್ತೆ. ಪಾಪ, ಇದಕ್ಕೆ ಸರಿಯಾಗಿ ಕೇಳಿಸ್ತಿಲ್ಲ" ಎಂದರು. ಮನೆಗೆ ಬಂದು ಹೇಳಿದೆ. ಸರೋಜ ಕರಗಿದಳು. "ಕಿವಿ ಕೇಳದ ಕೂಸನ್ನ ಯಾರಾದ್ರೂ ಆಚೆ ಕಳಿಸ್ತಾರೇನ್ರೀ? ಗೇಟ್ ಹಾಕ್ಕೊಂಡು ಸಾಕಣ." ಅಂದಿನಿಂದ ಗುಂಡನಿಗೆ ರಾಜಮರ್ಯಾದೆ. ಚಪ್ಪಲಿ ಕಚ್ಚಿದರೂ, ಸೋಫಾ ಹರಿದರೂ ಒಂದೇ ಮಾತು: "ಪಾಪ, ಕಿವಿ ಕೇಳಲ್ಲ."

ನಾನು ಬಿಡಲಿಲ್ಲ. ಬೆಂಗಳೂರಿಗೆ ಕರೆದೊಯ್ದು ಅಂಗುಳಕ್ಕೆ ಆಪರೇಷನ್ ಮಾಡಿಸಿ, ಕಿವಿಯ ನೀರನ್ನೂ ತೆಗೆಸಿದೆ. ಮೊನ್ನೆ ನಮ್ಮ ವೈದ್ಯರು ಪರೀಕ್ಷಿಸಿ, "ಈಗ ಎರಡು ಕಿವೀನೂ ಚೆನ್ನಾಗಿ ಕೇಳ್ತಿವೆ ಸಾರ್" ಎಂದು ಬೆನ್ನು ತಟ್ಟಿದರು. ಕುಣಿಯುತ್ತಾ ಮನೆಗೆ ಬಂದವನು ಬಂದೊಡನೆ ಅಂಗಳದ ಮೂಲೆಗೆ ಹೋಗಿ ಮಲಗಿದ ಗುಂಡನನ್ನು ಮೆಲ್ಲಗೆ ಕರೆದೆ. ಅವನ ಕಿವಿ ನಿಮಿರಿತು. ಒಂದು ಕಣ್ಣು ತೆರೆದು ನನ್ನನ್ನು ಚೆನ್ನಾಗಿ ನೋಡಿ, ಮತ್ತೆ ಮುಚ್ಚಿಕೊಂಡ.

"ಡಾಕ್ಟ್ರು ಏನಂದ್ರು?" ಸರೋಜ ಅಡುಗೆಮನೆಯಿಂದ ಕೇಳಿದಳು.

"ಇನ್ನೂ ಸ್ವಲ್ಪ ದಿನ ಬೇಕಂತೆ ಕಣೇ" ಎಂದೆ.