ಕುರ್ಚಿಯಲ್ಲಿ ಸದಾ ಹಾಜರಿರುವ ಕಂಪೌಂಡರ್ ಕೋಟಿನವರಿಗೆ

ನಮ್ಮೂರಿನ ಸರ್ಕಾರಿ ಔಷಧಾಲಯದ ಕುರ್ಚಿಯನ್ನು ಅಲಂಕರಿಸಿರುವ ಮಹಾಶಯ ಕೋಟಿನವರ ಸನ್ನಿಧಾನಕ್ಕೆ, ಮಳವಳ್ಳಿ ರಸ್ತೆಯಲ್ಲಿ ಬಸ್ಸು ರಿಪೇರಿ ಮಾಡುವ ಜಲಾಲನು ಮಸಿಗೈಯಲ್ಲೇ ಸಲಾಮು ಮಾಡಿ ಬರೆದುಕೊಳ್ಳುವುದೇನೆಂದರೆ:

ಮಾನ್ಯರೇ,

ನಿನ್ನೆ ತಾವು ನನ್ನ ಕನಸಿಗೆ ದಯಮಾಡಿಸಿದ್ದಿರಿ. ನನ್ನ ಮಗಳು ಮೆಹರುನ್ನೀಸಾ ಹೆರಿಗೆ ನೋವಿನಲ್ಲಿ ಕೂಗುತ್ತಿದ್ದಳು. ತಾವು ಕುರ್ಚಿ ಬಿಟ್ಟೆದ್ದು, ಗುಂಡಿ ಹಾಕಿಕೊಂಡು, ಎರಡೂ ತೋಳು ಚಾಚಿ ಬಂದಿರಿ, ಒಳಗೆ ಕೈಗಳೇ ಇರಲಿಲ್ಲ. ಅವಳಿಗೆ ಚೊಚ್ಚಲು, ತಿಂಗಳು ತುಂಬಿದೆ, ಕೂಸು ಅಡ್ಡ ತಿರುಗಿದೆ, ನನ್ನ ಕೈಲಾಗದು ಎಂದು ಸೂಲಗಿತ್ತಿ ಪಟ್ಟಲಮ್ಮ ಹೇಳಿ ಹೋದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ.

ಹಾಜರಾತಿಯಲ್ಲಿ ತಮ್ಮನ್ನು ಮೀರಿಸುವವರು ಈ ತಾಲ್ಲೂಕಿನಲ್ಲೇ ಇಲ್ಲ. ತಮ್ಮನ್ನು ತೊಡಬೇಕಾದ ಕಂಪೌಂಡರು ಮಂಡ್ಯದಲ್ಲಿ ಬಾವಮೈದುನನ ಔಷಧಿ ಅಂಗಡಿ ನೋಡಿಕೊಂಡಿದ್ದರೂ ತಾವು ಕುರ್ಚಿ ಬಿಟ್ಟು ಕದಲಿದವರಲ್ಲ. ಜವಾನ ಜವರಯ್ಯ ಬೆಳಿಗ್ಗೆ ತಮ್ಮನ್ನು ಕೊಡವಿ ಕೂರಿಸುತ್ತಾನೆ, ಕಂಪೌಂಡರು ಎಲ್ಲಪ್ಪಾ ಅಂದವರಿಗೆಲ್ಲ, "ಕೋಟು ಕಾಣಾಕಿಲ್ವಾ? ಅವ್ರೆ ಕಣ್ಲಾ, ಓಗಿ ಕುಂತ್ಕೊ" ಎಂದು ಗದರುತ್ತಾನೆ. ಕುಂತವರು ಕುಂತೇ ಇದ್ದಾರೆ. ಆದರೆ ತಾವು ಒಬ್ಬರನ್ನೂ ಬೈದವರಲ್ಲ, ಔಷಧಿಗೆ ನೀರು ಬೆರೆಸಿದವರಲ್ಲ, ಬಾಳೆಗೊನೆ ತಾ ಅಂದವರಲ್ಲ. ಇಂಥ ನಡತೆಯ ನೌಕರರಿಗೆ ಸರ್ಕಾರ ಬಡ್ತಿ ಕೊಡದಿರುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಡಾಕ್ಟರ ಖಾಲಿ ಜಾಗವನ್ನು ತಾವೇ ವಹಿಸಿಕೊಳ್ಳಬೇಕು. ನರ್ಸಮ್ಮನವರು ಮದ್ದೂರಿಗೆ ವರ್ಗವಾದ ಮೇಲೆ ಅವರ ಜಾಗಕ್ಕೂ ಯಾರೂ ಬಂದಿಲ್ಲ, ಅದನ್ನೂ. ಮಗಳನ್ನು ಮಂಡ್ಯಕ್ಕೆ ಸಾಗಿಸೋಣವೆಂದರೆ, ಯುದ್ಧ ಬಂದು ಪೆಟ್ರೋಲು ಹೋದ ಮೇಲೆ ಇರುವುದು ಇದ್ದಿಲು ಉರಿಸಿ ಅದರ ಅನಿಲದಲ್ಲಿ ಓಡಿಸುವ ಬಸ್ಸು. ರಿಪೇರಿ ಮಾಡುವವನು ನಾನೇ, ಅದರ ಯೋಗ್ಯತೆ ನನಗೆ ಗೊತ್ತು. ಏರು ಬಂದರೆ ಜನ ಇಳಿದು ತಳ್ಳಬೇಕು, ತುಂಬು ಬಸುರಿ ಇಳಿದು ತಳ್ಳುತ್ತಾಳೆಯೇ? ದಯವಿಟ್ಟು ತಾವು ಆದಷ್ಟು ಬೇಗ ಎರಡು ಕೈ ಬೆಳೆಸಿಕೊಳ್ಳಬೇಕು. ಮೇಲಿನಿಂದ ಮಂಜೂರಾತಿ ತಡವಾದರೆ ಸದ್ಯಕ್ಕೆ ಒಂದಾದರೂ ಸಾಕು.

ತಮ್ಮ ಗುಂಡಿಗಳಲ್ಲಿ ಅಚಲ ಭರವಸೆಯಿಟ್ಟಿರುವ ವಿಶ್ವಾಸಿ,
ಜಲಾಲ್

ಮರೆತ ಮಾತು: ಔಷಧಾಲಯದ ಖಾಲಿ ಜಾಗಗಳ ತನಿಖೆಗೆ ಬಂದ ದೊಡ್ಡ ಅಧಿಕಾರಿಗಳು ನರ್ಸಮ್ಮನ ಮನೆಯ ಸೂರಿನಲ್ಲಿ ಹೊಗೆ ಏಳುವುದನ್ನು ರಸ್ತೆಯಿಂದಲೇ ನೋಡಿ, ನರ್ಸು ವಾಸವಿದ್ದಾರೆ, ಜಾಗ ಖಾಲಿಯಿಲ್ಲ ಎಂದು ಬರೆದು ಕಾರು ಹತ್ತಿದರಂತೆ. ಖಾಲಿ ಬಿದ್ದ ಆ ಮನೆಯಲ್ಲಿ ಭತ್ತ ಬೇಯಿಸುವವಳು ಜವರಯ್ಯನ ಹೆಂಡತಿ ಮಾಯಮ್ಮ. ಆ ಒಲೆ ಯಾರದು ಎಂಬುದೊಂದನ್ನು ಮಾತ್ರ ಇನ್ನೊಂದು ಸಲ ನೋಡಿಸಬೇಕು. ಮಗಳಿಗೆ ಈಗ ನೋವು ಶುರುವಾಗಿದೆ. ನರ್ಸಮ್ಮ ಇದ್ದಾರಂತಲ್ಲ, ಅವರನ್ನ ಕರ್ಕೊಂಡು ಬಾ ಅಬ್ಬಾ, ಎನ್ನುತ್ತಿದ್ದಾಳೆ.