ಹಾವಿನ ಗಾಡಿಗೆ ಆರು ಮಂದಿ

ಕೆಲವು ಸುಳ್ಳುಗಳನ್ನು ನಾವು ತಪ್ಪು ಮುಚ್ಚಲು ಹೇಳುವುದಿಲ್ಲ, ನಿಜವನ್ನು ವಿವರಿಸುವ ಬೇಸರಕ್ಕೆ ಹೇಳುತ್ತೇವೆ. ಐತವಾರ ಎಲ್ಲಿಗೆ ಹೋಗಿದ್ದಿರಿ ಎಂದು ಬಬಲೇಶ್ವರದ ನಮ್ಮ ಶಾಲೆಯಲ್ಲಿ ಯಾರಾದರೂ ಕೇಳಿದರೆ ನಾನು "ಟಿಕೋಟಾ ಕಡೆ ಸ್ವಲ್ಪ ಕೆಲಸ ಇತ್ತ್ರಿ" ಎಂದು ಹೇಳಿ ಹಾಜರಿ ಪುಸ್ತಕ ತೆರೆಯುತ್ತಿದ್ದೆ. ಟಿಕೋಟಾ ಎಂದ ಕೂಡಲೇ ನಮ್ಮ ಮಂದಿಗೆ ದ್ರಾಕ್ಷಿ ನೆನಪಾಗುತ್ತದೆ. ವಿಜ್ಞಾನದ ಟೀಚರಿಗೆ, ಅಂದರೆ ನನಗೆ, ಅಲ್ಲಿ ದ್ರಾಕ್ಷಿ ತೋಟ ಇದೆ ಎಂಬ ಸುದ್ದಿ ತಾನಾಗಿಯೇ ಹುಟ್ಟಿ, ಸ್ಟಾಫ್ ರೂಮಿನಲ್ಲಿ ಬೆಳೆದು, ಒಂದು ದಿನ ಹೆಡ್‌ಮಾಸ್ತರರ ಬಾಯಿಂದಲೇ ಹೊರಬಂತು. "ಈ ಸಲ ಒಣದ್ರಾಕ್ಷಿ ಹ್ಯಾಂಗ ಆಗ್ಯಾವ್ರಿ ನಿಮ್ಮವು?" ಎಂದು ಅವರು ಕೇಳಿದಾಗ ನಾನು ಪೇಟೆಯಲ್ಲಿ ಎರಡು ಕಿಲೋ ಕೊಂಡು ತಂದು, ನಮ್ಮವು ಎನ್ನದೆ, ನಮ್ಮವಲ್ಲ ಎನ್ನದೆ, ಎಲ್ಲರಿಗೂ ಹಂಚಿಬಿಟ್ಟೆ. ನಿಜ ಹೇಳುವುದಕ್ಕಿಂತ ಅದು ಸುಲಭವಿತ್ತು.

ನಿಜ ಏನೆಂದರೆ, ಐವತ್ಮೂರು ವರ್ಷದ ನಾನು, ಎರಡೂ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವ ನಾನು, ರೋಲರ್ ಕೋಸ್ಟರಿನಲ್ಲಿ ಕೂತು ಕೂಗಲು ಹೋಗುತ್ತಿದ್ದೆ.

ವಿಜಯಪುರದಿಂದ ಟಿಕೋಟಾ ರಸ್ತೆ ಹಿಡಿದು ಸ್ವಲ್ಪ ದೂರ ಹೋದರೆ ಎಡಗಡೆ ಒಂದು ಸಣ್ಣ ಪಾರ್ಕು ಸಿಗುತ್ತದೆ. ತೊಟ್ಟಿಲು, ಕುದುರೆ, ಡಿಕ್ಕಿ ಹೊಡೆಯುವ ಕಾರು ಎಲ್ಲ ಸೇರಿ ಒಂದು ಎಕರೆ. ಒಡೆಯ ಚನ್ನಪ್ಪ ಮೊದಲು ಆ ಜಾಗದಲ್ಲೇ ನಿಂಬೆ ಬೆಳೆಯುತ್ತಿದ್ದವನು. ಎಲ್ಲಿಯೋ ಮುಚ್ಚಿದ ಪ್ರದರ್ಶನವೊಂದರಿಂದ ಹಳೆಯ ರೋಲರ್ ಕೋಸ್ಟರನ್ನು ಬಿಚ್ಚಿಸಿ, ಲಾರಿಗಳಲ್ಲಿ ತರಿಸಿ, ನಿಂಬೆ ಗಿಡಗಳ ನಡುವೆ ನಿಲ್ಲಿಸಿದ. ಎಂಟು ಸೀಟು, ನಾಲ್ಕು ಡಬ್ಬಿ, ಮುಂದಿನ ಡಬ್ಬಿಗೆ ಹೆಡೆ ಎತ್ತಿದ ನಾಗರಹಾವಿನ ಮೋರೆ. ಬಿಸಿಲಿಗೆ ಬಣ್ಣ ಹೋಗಿ ಅದು ಈಗ ಹಾವಿಗಿಂತ ಹೆಚ್ಚಾಗಿ ನೆಗಡಿಯಾದ ಒಂಟೆಯ ಹಾಗೆ ಕಾಣುತ್ತದೆ. ಊರವರು ಇಟ್ಟ ಹೆಸರು ಮಾತ್ರ ಹಾವಿನ ಗಾಡಿ.

ದೊಡ್ಡ ಊರುಗಳ ದೊಡ್ಡ ಪಾರ್ಕುಗಳಲ್ಲಿ ತಲೆಕೆಳಗು ಮಾಡಿ ತಿರುಗಿಸುವ ಯಂತ್ರಗಳಿವೆ. ಶಾಲೆಯ ಪ್ರವಾಸದಲ್ಲಿ ಒಮ್ಮೆ ಹತ್ತಿದ್ದೇನೆ. ಅವುಗಳಲ್ಲಿ ಕೂತರೆ ನಮ್ಮನ್ನು ಯಾರೋ ಮಿಕ್ಸರಿಗೆ ಹಾಕಿ ಮರೆತ ಹಾಗೆ ಅನಿಸುತ್ತದೆ. ನನಗೆ ಬೇಕಾದದ್ದು ಹಳೆಯ ಪದ್ಧತಿಯದು. ಸರಪಳಿ ಕಟಕಟ ಎಂದು ಮೇಲೆ ಎಳೆಯಬೇಕು, ತುದಿಯಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಲ್ಲಬೇಕು, ಆಮೇಲೆ ಭೂಮಿ ಕಾಲಡಿಯಿಂದ ಜಾರಬೇಕು. ಪರದೇಶದಲ್ಲಿ ನೂರು ವರ್ಷದ ಕಟ್ಟಿಗೆಯ ಕೋಸ್ಟರುಗಳು ಇನ್ನೂ ಓಡುತ್ತವೆ. ಅವುಗಳ ವಿಡಿಯೊಗಳನ್ನು ನಾನು ರೊಟ್ಟಿ ಬಡಿಯುವಾಗ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನೋಡುತ್ತೇನೆ. ಇಳಿಜಾರು ಬಂದಾಗ ರೊಟ್ಟಿ ತೆಳ್ಳಗಾಗುತ್ತದೆ ಎಂದು ಮನೆಯವರ ತಕರಾರು.

ಮನೆಯವರೆಂದರೆ ನನ್ನ ಗಂಡ. ಸ್ಟೇಷನ್ ರಸ್ತೆಯಲ್ಲಿ ಅವರದು ಗಡಿಯಾರ ರಿಪೇರಿ ಅಂಗಡಿ. ಜಗತ್ತಿನಲ್ಲಿ ಯಾವುದೂ ಸೆಕೆಂಡಿನ ಮುಳ್ಳಿಗಿಂತ ಜೋರಾಗಿ ಚಲಿಸಬಾರದೆಂದು ನಂಬಿದ ಮನುಷ್ಯ. ನೆಂಟರು ಬಂದರೆ ಎಲ್ಲರೂ ಗೋಳಗುಮ್ಮಟದ ಮೆಟ್ಟಿಲು ಹತ್ತಿ ಪಿಸುಗುಟ್ಟಲು ಹೋಗುತ್ತಾರೆ, ಇವರು ಕೆಳಗೆ ಹುಲ್ಲಿನ ಮೇಲೆ ಬುತ್ತಿ ಕಾಯುತ್ತ ಕೂರುತ್ತಾರೆ. ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ, ಆದರೆ ಗುಮ್ಮಟದ ಒಳಗಿನ ಪ್ರತಿಧ್ವನಿಯನ್ನು ನೆಂಟರ ಬಾಯಿಂದ ಕೇಳಿ ತಿಳಿದವರು.

ಹಾವಿನ ಗಾಡಿಗೆ ಒಂದು ದೋಷವಿತ್ತು. ಕನಿಷ್ಠ ಆರು ಮಂದಿ ಕೂರದಿದ್ದರೆ ಅದು ಎರಡನೆಯ ದಿಬ್ಬ ಹತ್ತುತ್ತಿರಲಿಲ್ಲ. ಭಾರ ಕಡಿಮೆಯಾದರೆ ಮುದಿ ಗಾಲಿಗಳ ಘರ್ಷಣೆಯೇ ಗೆದ್ದು ಗಾಡಿ ನಡುವೆ ನಿಲ್ಲುತ್ತದೆ. ಮೊದಲೆಲ್ಲ ಆರು ಮಂದಿ ಸುಲಭವಾಗಿ ಸಿಗುತ್ತಿದ್ದರು. ಆಮೇಲೆ ಹುಡುಗರಿಗೆ ಅದು ಹಳತಾಯಿತು, ದೊಡ್ಡವರಿಗೆ ಭಯವಾಯಿತು. ಒಮ್ಮೆ ನಾನೇ ಚನ್ನಪ್ಪನಿಗೆ ಖಾಲಿ ಸೀಟಿನಲ್ಲಿ ಜೋಳದ ಚೀಲ ಕಟ್ಟಿ ಓಡಿಸಲು ಹೇಳಿದೆ. ಮೊದಲ ಇಳಿಜಾರಿನಲ್ಲೇ ಒಂದು ಚೀಲ ಹರಿದು ಇಡೀ ಪಾರ್ಕಿಗೆ ಬಿಳಿಜೋಳದ ಮಳೆಯಾಯಿತು. ಒಂದು ತಿಂಗಳು ಪಾರಿವಾಳಗಳನ್ನು ಬಿಟ್ಟರೆ ಬೇರೆ ಗಿರಾಕಿಗಳಿರಲಿಲ್ಲ. ಆಮೇಲೆ ಅವನು ನನ್ನ ಸಲಹೆ ಕೇಳುವುದನ್ನು ನಿಲ್ಲಿಸಿದ.

ಹೀಗಾಗಿ ಮಂದಿಯನ್ನು ಒಟ್ಟು ಮಾಡುವುದೇ ನನ್ನ ಐತವಾರದ ಕೆಲಸವಾಯಿತು. ಹಾಲಿನವನನ್ನು, ಹಳೆಯ ವಿದ್ಯಾರ್ಥಿಗಳನ್ನು, ಒಮ್ಮೆ ವಿಮೆ ಮಾಡಿಸಲು ಮನೆಗೆ ಬಂದವನನ್ನು ಸಹ ಕರೆದೊಯ್ದೆ. ಆ ವಿಮೆಯವನು ಇಳಿದ ಮೇಲೆ ನನ್ನ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದವನು ಮತ್ತೆ ಬರಲಿಲ್ಲ. ಹೆಡ್‌ಮಾಸ್ತರರು ಹೇಗೋ ನಿಜ ತಿಳಿದು, ಒಣದ್ರಾಕ್ಷಿಯ ಋಣಕ್ಕೆ ಒಮ್ಮೆ ಬಂದರು. ಇಳಿದವರು ಮೂರು ದಿನ ಯಾರಿಗೂ ಬಯ್ಯಲಿಲ್ಲ. ಶಾಲೆಯಲ್ಲಿ ಅಷ್ಟು ಶಾಂತಿ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಇಲ್ಲ.

ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಚನ್ನಪ್ಪ ಚಹಾ ಕೊಟ್ಟು ನಿಧಾನಕ್ಕೆ ಹೇಳಿದ: "ಟೀಚರ್, ಮುಂದಿನ ಐತವಾರ ಗುಜರಿಯವರು ನೋಡಾಕ ಬರ್ತಾರ್ರಿ. ಇದನ್ನ ತಗದು ಲಗ್ನದ ಹುಲ್ಲುಹಾಸು ಮಾಡಬೇಕಂತ ಮಾಡೇನಿ."

ನಾನು ಚಹಾದ ಕಪ್ಪು ಕೆಳಗಿಟ್ಟೆ. ವಿಜಯಪುರದಲ್ಲಿ ಲಗ್ನ ಮಾಡಲು ಜಾಗಕ್ಕೇನು ಬರ. "ಆರು ಮಂದಿ ಬಂದ್ರ ಇಟ್ಟಕೋತಿ ಏನಪಾ?" ಎಂದು ಕೇಳಿದೆ.

"ಒಂದಿನ ಬಂದ್ರ ಏನ್ ಮಾಡೂದ್ರಿ? ಪ್ರತಿ ಐತವಾರ ಬರಬೇಕು."

"ತರ್ತೀನಿ."

"ತರ್ರಿ ನೋಡೋಣು," ಎಂದ. ಅವನ ದನಿಯಲ್ಲಿ ಜೋಳದ ಚೀಲದ ನೆನಪಿತ್ತು.

ಆ ವಾರ ನಾನು ಪಾಠಕ್ಕಿಂತ ಹೆಚ್ಚು ಪ್ರಚಾರ ಮಾಡಿದೆ. ನಮ್ಮ ಮೇಲಿನ ಮನೆಯ ಬಾಡಿಗೆಯ ದಂಪತಿ ಒಪ್ಪಿದರು. ಡ್ರಾಯಿಂಗ್ ಟೀಚರ್ ಶಕುಂತಲಾ ಒಪ್ಪಿದಳು. ಹೆಡ್‌ಮಾಸ್ತರರು ಇನ್ನೊಮ್ಮೆ ಧೈರ್ಯ ಮಾಡುತ್ತೇನೆ ಎಂದರು. ನಾನು ಸೇರಿ ಐದು. ಆರನೆಯವರಿಗಾಗಿ ನಾನು ಮದುವೆಯಾದಾಗಿನಿಂದ ಬಳಸದೆ ಉಳಿಸಿಕೊಂಡಿದ್ದ ಅಸ್ತ್ರವನ್ನು ತೆಗೆದೆ, ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ನಮ್ಮವರು ಭೂತಗನ್ನಡಿ ಕೆಳಗಿಟ್ಟು, "ಒಮ್ಮಿ ಮಾತ್ರ. ಕಣ್ ಮುಚ್ಚಿ ಕೂಡತೀನಿ," ಎಂದರು.

ಅದೇ ಶನಿವಾರ ಮಮದಾಪುರದಿಂದ ನಮ್ಮ ಅತ್ತೆ ಬಂದರು. ಎಪ್ಪತ್ನಾಲ್ಕು ವರ್ಷ, ನೆಟ್ಟಗಿನ ಬೆನ್ನು, ಹಿರಿಯ ಮಗನ ಮನೆಯಲ್ಲಿ ಇನ್ನೂ ಎಮ್ಮೆ ಹಿಂಡುವವರು. ಕಣ್ಣಿನ ಚಾಳೀಸು ಬದಲಿಸಲು ಬಂದು, ಅವತ್ತೇ ಹೊಸದು ಹಾಕಿಸಿಕೊಂಡಿದ್ದರು. ಅವರು ಮಾತಾಡುವುದು ಕಡಿಮೆ, ನೋಡುವುದು ಹೆಚ್ಚು. ಅವರ ಮುಂದೆ ನಾನು ಮೂವತ್ತು ವರ್ಷದಿಂದ ಗಂಭೀರ ಸೊಸೆಯಾಗಿ ಬಾಳಿದವಳು. ಮೊಬೈಲಿನ ವಿಡಿಯೊ ಕೂಡ ಅವರಿದ್ದಾಗ ನೋಡುತ್ತಿರಲಿಲ್ಲ. ಐತವಾರ ಅವರನ್ನು ಒಬ್ಬರನ್ನೇ ಮನೆಯಲ್ಲಿ ಬಿಡುವ ಹಾಗಿರಲಿಲ್ಲ. ಪಾರ್ಕಿನಲ್ಲಿ ಗಾಳಿಗೆ ಕೂತಿರಿ ಎಂದು ಕರೆದೊಯ್ದು ಬೇವಿನ ನೆರಳಿನ ಬೆಂಚಿನ ಮೇಲೆ ಕೂರಿಸಿದೆವು.

ಗುಜರಿಯವರು ಇಬ್ಬರು ಬಂದಾಗಿತ್ತು. ಹಳಿಯನ್ನು ಅಲ್ಲಲ್ಲಿ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಅಷ್ಟರಲ್ಲಿ ಹೆಡ್‌ಮಾಸ್ತರರ ಫೋನು ಬಂತು. ಹೊರಡಬೇಕೆನ್ನುವಾಗ ಅವರ ಸ್ಕೂಟರು ಸ್ಟಾರ್ಟ್ ಆಗಲಿಲ್ಲವಂತೆ. ಫೋನಿನಲ್ಲೇ, ಅವರ ಹಿಂದಿನಿಂದ, ಯಾರೋ ಆ ಸ್ಕೂಟರನ್ನು ಸ್ಟಾರ್ಟ್ ಮಾಡಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಐದು ಮಂದಿ ಉಳಿದೆವು. "ಬ್ಯಾಡ್ರಿ, ನಿಲ್ಲತೈತಿ," ಎಂದ ಚನ್ನಪ್ಪ. ಗುಜರಿಯವರ ಮುಂದೆ ಸೋಲಲು ನನಗೆ ಮನಸ್ಸಿರಲಿಲ್ಲ. ಭಾರದ ಲೆಕ್ಕ ಹೇಳಿದೆ, ಮೇಲಿನ ಮನೆಯ ಯಜಮಾನರು ಒಬ್ಬರೇ ಒಂದೂವರೆ ಮಂದಿಗೆ ಸಮ ಎಂದು ಅವರ ಹೆಂಡತಿಯ ಎದುರೇ ಹೇಳಿದೆ. ಅವನು ತಲೆ ಕೆರೆದುಕೊಂಡು ಗುಂಡಿ ಒತ್ತಿದ.

ಕಟಕಟ ಎಂದು ಮೇಲೇರಿದೆವು. ತುದಿಯಲ್ಲಿ ಒಂದು ಕ್ಷಣ ನಿಂತಾಗ, ಪೂರ್ವಕ್ಕೆ ನಮ್ಮ ಊರಿನ ಗುಮ್ಮಟ ಬಿಸಿಲ ಮಬ್ಬಿನಲ್ಲಿ ಬೋರಲು ಹಾಕಿದ ಬೋಗುಣಿಯ ಹಾಗೆ ಕಂಡಿತು. ನಮ್ಮವರಿಗೆ ತೋರಿಸಿದೆ. ಅವರು ನನ್ನ ಕೈಯನ್ನು ಹಿಡಿದುಕೊಂಡು, ತಮ್ಮ ಮದುವೆಯ ದಿನವೂ ಹೇಳದಷ್ಟು ಭಕ್ತಿಯಿಂದ ಮಂತ್ರ ಹೇಳುತ್ತಿದ್ದರು. ಗಾಡಿ ಇಳಿಯಿತು. ಎಲ್ಲರೂ ಕೂಗಿದೆವು. ಎರಡನೆಯ ದಿಬ್ಬ ಅರ್ಧ ಏರಿತು, ಯೋಚಿಸಿತು, ಹಿಂದಕ್ಕೆ ಜಾರಿತು. ತೊಟ್ಟಿಲಿನ ಹಾಗೆ ನಾಲ್ಕು ಸಲ ಹಿಂದೆ ಮುಂದೆ ತೂಗಿ, ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ, ನೆಲದಿಂದ ಆಳೆತ್ತರದಲ್ಲಿ ನಿಂತೇಬಿಟ್ಟಿತು.

ಬಿದ್ದರೆ ಪೆಟ್ಟಾಗದಷ್ಟು ಕೆಳಗೆ, ಆದರೆ ಎಲ್ಲರಿಗೂ ಚೆನ್ನಾಗಿ ಕಾಣುವಷ್ಟು ಮೇಲೆ ನಾವು ಐದು ಮಂದಿ ಪಟ್ಟಿ ಕಟ್ಟಿಕೊಂಡು ಕೂತಿದ್ದೆವು. ನಮ್ಮವರು ಕಣ್ಣು ತೆರೆದು ಕೇಳಿದರು: "ಮೇಲಿದ್ದಾಗ ಪ್ರಚ್ಛನ್ನ ಶಕ್ತಿ, ಇಳಿಯೂವಾಗ ಚಲನ ಶಕ್ತಿ ಅಂತ ಹೇಳ್ತಿದ್ದಿ. ಈಗ ಯಾವ ಶಕ್ತಿ?" ಗುಜರಿಯವರಲ್ಲಿ ಒಬ್ಬ ಇನ್ನೊಬ್ಬನಿಗೆ ಏನೋ ಹೇಳಿ ನಕ್ಕ. ನನಗೆ ಅಳು ಬರುವಂತಾಯಿತು. ನಗೆಪಾಟಲಾದದ್ದಕ್ಕಲ್ಲ, ಅದು ನನಗೆ ರೂಢಿಯಿದೆ. ನನ್ನ ಹಟದಿಂದಲೇ ಹಾವಿನ ಗಾಡಿಯ ಕಡೆಯ ಓಟ ಹೀಗಾಯಿತಲ್ಲ ಎಂದು.

ಅತ್ತೆ ಬೆಂಚಿನಿಂದ ಎದ್ದು ಹಳಿಯ ಸುತ್ತಲಿನ ಕಬ್ಬಿಣದ ಕಟಾಂಜನದ ಹತ್ತಿರ ಬಂದರು. ಮೇಲೆ ನೋಡಿದರು. ನಾನು ಸೆರಗು ಸರಿ ಮಾಡಿಕೊಂಡೆ, ಆ ಸ್ಥಿತಿಯಲ್ಲಿ ಮಾಡಬಹುದಾದದ್ದು ಅದೊಂದೇ.

"ಯಾಕ ನಿಂತೈತಿ?" ಎಂದು ಚನ್ನಪ್ಪನನ್ನು ಕೇಳಿದರು.

"ಭಾರ ಸಾಲವಲ್ದ್ರಿ ಯವ್ವಾ. ಒಬ್ಬರು ಕಡಿಮಿ ಅದಾರ."

"ನಾ ಬಂದ್ರ ಸಾಲತೈತೇನು?"

ಚನ್ನಪ್ಪ ಗಾಬರಿಯಾಗಿ ಗೇಟಿನ ಪಕ್ಕದ ಬೋರ್ಡು ತೋರಿಸಿದ. ಅರವತ್ತು ದಾಟಿದವರು ಹತ್ತಬಾರದು ಎಂದು ಅದರಲ್ಲಿ ಬರೆದಿತ್ತು. ಅತ್ತೆ ಅದನ್ನು ಹೊಸ ಚಾಳೀಸಿನಿಂದ ಮೇಲಿಂದ ಕೆಳಗಿನವರೆಗೆ ನೋಡಿದರು. "ನನಗ ಓದಾಕ ಬರೂದಿಲ್ಲಪಾ. ಅದು ಓದಾಕ ಬರೂವರಿಗೆ ಬರದಿಟ್ಟಿದ್ದು," ಎಂದರು.

ಚನ್ನಪ್ಪ ಮತ್ತು ಇಬ್ಬರು ಆಳುಗಳು ಹಗ್ಗ ಕಟ್ಟಿ ಗಾಡಿಯನ್ನು ಎರಡನೆಯ ದಿಬ್ಬ ದಾಟಿಸಿ ಹತ್ತುವ ಜಾಗಕ್ಕೆ ಎಳೆದು ತಂದರು. ಗುಜರಿಯವರೂ ಕೈ ಹಚ್ಚಿದರು, ಪಾಪ. ನಾನು ಅತ್ತೆಗೆ ಬೇಡವೆಂದು ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟೂ ಹೇಳಿದೆ. ಬಿಪಿ ಎಂದೆ. "ಅದು ನಿನಗೈತಿ," ಎಂದರು. ಎಲುಬು ಎಂದೆ. "ಎಮ್ಮಿ ಒದ್ದರ ಮುರದಿಲ್ಲ," ಎಂದರು. ಅವರ ಮಗನ ಕಡೆ ನೋಡಿದೆ. ನಮ್ಮವರು ತಾವು ಇಳಿಯಬಹುದೋ ಏನೋ ಎಂಬ ಆಸೆಯಲ್ಲಿ ಆಗಲೇ ಅರ್ಧ ಎದ್ದಿದ್ದರು. "ಕೂಡು," ಎಂದರು ಅತ್ತೆ. ಕೂತರು.

ಅತ್ತೆ ಸೀರೆಯ ಕಚ್ಚೆ ಬಿಗಿ ಮಾಡಿಕೊಂಡು ಹಾವಿನ ಹೆಡೆಯ ಹಿಂದೆ ಮೊದಲ ಸೀಟಿನಲ್ಲಿ ಕೂತರು. ಮೇಲೇರುವಾಗ ನನಗೆ ಇಳಿಜಾರಿನ ಯೋಚನೆಯೇ ಇರಲಿಲ್ಲ. ಮುದುಕಿಯನ್ನು ಸೊಸೆ ಆಟದ ಗಾಡಿಯಲ್ಲಿ ಕೂರಿಸಿ ಕೊಂದಳು ಎಂದು ಮಮದಾಪುರದಲ್ಲಿ ಯಾರ್ಯಾರು ಯಾವ ಕಟ್ಟೆಯ ಮೇಲೆ ಕೂತು ಹೇಳುತ್ತಾರೆ ಎಂದು ಎಣಿಸುತ್ತಿದ್ದೆ. ಗಾಡಿ ಇಳಿಯಿತು, ಎರಡನೆಯ ದಿಬ್ಬವನ್ನು ಏನೂ ಆಗಿಲ್ಲವೆಂಬಂತೆ ದಾಟಿತು, ನಿಂಬೆ ಗಿಡಗಳ ಮೇಲೆ ಹೊರಳಿ ಬಂದು ನಿಂತಿತು. ಅತ್ತೆಯ ತಲೆಯ ಮೇಲಿನ ಸೆರಗು ಹೆಗಲಿಗೆ ಬಿದ್ದಿತ್ತು. ಅವರು ಅಲುಗಾಡಲಿಲ್ಲ. ನಾನು ಓಡಿ ಹೋಗಿ ಮುಂದೆ ನಿಂತೆ. ಕಣ್ಣಲ್ಲಿ ನೀರಿತ್ತು.

"ಅತ್ತೀ, ಏನಾತ್ರಿ?"

"ಸಣ್ಣಾಕಿ ಇದ್ದಾಗ ಕೆರಿ ಏರಿ ಮ್ಯಾಲಿಂದ ಎತ್ತಿಲ್ಲದ ಬಂಡಿ ಬಿಡ್ತಿದ್ವಿ," ಎಂದರು ಅತ್ತೆ. "ನಾ ಬಂಡಿ ಮುಂದಿನ ಮೂಕಿ ಮ್ಯಾಲ ಕೂಡಾಕಿ. ಒಮ್ಮಿ ನಮ್ಮಪ್ಪ ನೋಡಿ ಹೊಡದ, ಅವತ್ತಿಂದ ಬಿಟ್ಟಿದ್ದೆ." ಸೆರಗಿನಿಂದ ಕಣ್ಣೊರೆಸಿಕೊಂಡು ಚನ್ನಪ್ಪನ ಕಡೆ ತಿರುಗಿದರು. "ಇನ್ನೊಮ್ಮಿ ಬಿಡು."

ಅವತ್ತು ಐದು ಸಲ ಹೋದೆವು. ಮೂರನೆಯ ಸಲಕ್ಕೆ ಗುಜರಿಯವರೇ ಹಿಂದಿನ ಎರಡು ಸೀಟು ಹಿಡಿದರು. ನಮ್ಮವರು ಐದನೆಯ ಸಲ ಕಣ್ಣು ತೆರೆದರಂತೆ, ಗುಮ್ಮಟ ಕಂಡಿತಂತೆ. ದಾರಿಯುದ್ದಕ್ಕೂ ಅದನ್ನೇ ಹೇಳಿದರು.

ಅತ್ತೆ ಊರಿಗೆ ಹೋಗಿ ಏನು ಹೇಳಿದರೋ ಗೊತ್ತಿಲ್ಲ. ಮುಂದಿನ ಐತವಾರ ಮಮದಾಪುರದ ಬಸ್ಸಿನಿಂದ ಅವರ ಜೊತೆ ನಾಲ್ಕು ಜನ ಗೆಳತಿಯರು ಇಳಿದರು. ಅದರ ಮುಂದಿನ ಐತವಾರ ಆರು ಜನ. ಗುಜರಿಯವರು ಸರಕು ನೋಡಲು ಮತ್ತೆ ಬರಲಿಲ್ಲ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದರು. ಚನ್ನಪ್ಪ ಗಾಲಿಗೆ ಹೊಸ ಬೇರಿಂಗು ಹಾಕಿಸಿದ, ಹಾವಿಗೆ ಬಣ್ಣ ಬಳಿಸಿದ, ಬೋರ್ಡನ್ನು ಯಾರಿಗೂ ಹೇಳದೆ ತೆಗೆದುಬಿಟ್ಟ. ಮುದುಕಿಯರು ಕೂಗುವುದನ್ನು ನೋಡಲೆಂದೇ ಈಗ ಊರಿನಿಂದ ಮಂದಿ ಬರುತ್ತಾರೆ. "ನಿಮ್ಮಿಂದ ಉಳೀತು ನೋಡ್ರಿ ಟೀಚರ್," ಎಂದು ಚನ್ನಪ್ಪ ಪ್ರತಿ ವಾರ ನನಗೆ ಚಹಾ ಕೊಡುತ್ತಾನೆ.

ಆ ಚಹಾ ಕುಡಿಯಲು ನನಗೆ ಬೇಕಾದಷ್ಟು ಪುರುಸೊತ್ತಿರುತ್ತದೆ. ಎಂಟು ಸೀಟಿನಲ್ಲಿ ಏಳು ಮಮದಾಪುರದವು, ಎಂಟನೆಯದು ಅವ್ವನಿಗೆ ಜೊತೆ ಬೇಕೆಂದು ನಮ್ಮವರು ಹಿಡಿಯುತ್ತಾರೆ. ನಾನು ಕಟಾಂಜನದ ಹತ್ತಿರ ಏಳು ಜೊತೆ ಚಪ್ಪಲಿ, ಏಳು ಎಲೆಅಡಿಕೆ ಸಂಚಿ, ನಾಲ್ಕು ಚಾಳೀಸು ಮತ್ತು ಒಂದು ಕಟ್ಟಿದ ಹಲ್ಲಿನ ಸೆಟ್ಟು ಕಾಯುತ್ತ ನಿಲ್ಲುತ್ತೇನೆ. ಹೋದ ವಾರ ತಡೆಯಲಾರದೆ, ಒಂದು ಸಲ ನನಗೂ ಜಾಗ ಬಿಡ್ರಿ ಎಂದು ಅತ್ತೆಯನ್ನು ಕೇಳಿಯೇಬಿಟ್ಟೆ. ಅವರು ಹೆಡೆಯ ಹಿಂದಿನ ತಮ್ಮ ಸೀಟಿನಲ್ಲಿ ಪಟ್ಟಿ ಕಟ್ಟಿಕೊಳ್ಳುತ್ತ, ಬಹಳ ಪ್ರೀತಿಯಿಂದ, "ನಿಂದೇನವಸರ ಯವ್ವಾ, ನೀ ಇನ್ನೂ ಸಣ್ಣಾಕಿ," ಎಂದರು. ನನ್ನನ್ನು ಯಾರಾದರೂ ಹಾಗೆ ಕರೆದು ಎಷ್ಟೋ ವರ್ಷವಾಗಿತ್ತು. ಸಂತೋಷ ಪಡಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಗಾಡಿ ಹೊರಟಿತು, ಮತ್ತು ಯಾರೋ ಮೇಲಿನಿಂದ, ಹಲ್ಲಿನ ಮೇಲೆ ಬಿಸಿಲು ಬೀಳದಂತೆ ನೋಡಿಕೋ ಎಂದು ಕೂಗಿ ಹೇಳಿದರು.