ರುಚಿಯಾದ ಅಡುಗೆಯ ವಿರುದ್ಧ ಹಂದಿ ಸಾಕುವವನ ದೂರು

ಹೊಸೂರಿನ ನಮ್ಮ ಕಾರ್ಖಾನೆಯ ಕ್ಯಾಂಟೀನಿನ ಮುಖ್ಯ ಅಡುಗೆಯವರಾದ ಶ್ರೀಮತಿ ಗಂಗಾದೇವಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಗೇರ್ ವಿಭಾಗದ ಮುತ್ತರಾಯಪ್ಪನು, ಈಗಷ್ಟೇ ಊಟ ಮುಗಿಸಿ ತೊಳೆದ ಎರಡೂ ಕೈಗಳನ್ನು ಜೋಡಿಸಿ ಮಾಡುವ ವಂದನೆಗಳು. ತಮ್ಮ ಒಲೆ ಸದಾ ಉರಿಯುತ್ತಿರಲಿ ಎಂದು ಹಾರೈಸುವುದು ಲೋಕರೂಢಿ. ನಾನೂ ಹಾಗೆಯೇ ಹಾರೈಸುತ್ತೇನೆ, ಆದರೆ ವಾರಕ್ಕೆರಡು ದಿನ ಅದು ಸ್ವಲ್ಪ ಜಾಸ್ತಿಯೇ ಉರಿದು ತಳ ಹತ್ತಲಿ ಎಂಬ ಸಣ್ಣ ತಿದ್ದುಪಡಿಯೊಂದಿಗೆ. ಏಕೆಂದರೆ ತಾವು ಇಲ್ಲಿಗೆ ಬಂದ ಮೇಲೆ ನನ್ನ ಮನೆಯ ಹಂದಿಗಳು ಉಪವಾಸ ಬಿದ್ದಿವೆ.

ನನ್ನ ಪರಿಚಯ ತಮಗಿರಲಾರದು. ಬೇರಿಕೆಯ ಹತ್ತಿರ ನನ್ನದೊಂದು ತುಂಡು ಹೊಲ, ಹೊಲದ ಅಂಚಿಗೆ ಮನೆ, ಮನೆಯ ಹಿಂದೆ ಹಂದಿದೊಡ್ಡಿ. ದೊಡ್ಡಿಗೆ ನೀರು ನಿಲ್ಲದಂತೆ ಇಳಿಜಾರಾಗಿ ಸಿಮೆಂಟು ನೆಲ ಹಾಕಿಸಿ, ಬಿಸಿಲು ತಾಗದಂತೆ ತಗಡಿನ ಮೇಲೆ ತೆಂಗಿನ ಗರಿ ಹೊದಿಸಿ, ಹೊರಳಾಡಲು ಕೆಸರುಗುಂಡಿ ತೋಡಿಸಿ, ಸುತ್ತಲೂ ಕಲ್ಲುಕಂಬ ನೆಟ್ಟು ಕಬ್ಬಿಣದ ಬಲೆ ಬಿಗಿದಿದ್ದೇನೆ. ಇಷ್ಟು ಅನುಕೂಲ ನಮ್ಮ ವಾಸದ ಮನೆಗೇ ಇಲ್ಲವೆಂದು ನನ್ನ ಹೆಂಡತಿ ನಾಗವೇಣಿ ಬಂದವರಿಗೆಲ್ಲ ಹೇಳುತ್ತಾಳೆ, ಅದು ನಿಜವೂ ಹೌದು.

ಮೇವಿನ ಚಿಂತೆಯಂತೂ ನನಗೆ ಇರಲೇ ಇಲ್ಲ. ತಮಗಿಂತ ಮೊದಲು ಇಲ್ಲಿ ಅಡುಗೆ ಮಾಡುತ್ತಿದ್ದ ರಘುನಾಥ್ ಅವರು ಅಂಥ ಪುಣ್ಯಾತ್ಮರು. ಅವರ ಇಡ್ಲಿ ಕೈಜಾರಿ ಬಿದ್ದರೆ ಇಡ್ಲಿಗೇನೂ ಆಗುತ್ತಿರಲಿಲ್ಲ, ನೆಲವನ್ನು ನೋಡಬೇಕಾಗುತ್ತಿತ್ತು. ಕಾರ್ಮಿಕರು ಎರಡು ತುತ್ತು ತಿಂದು, ದೇವರನ್ನು ನೆನೆದು, ಉಳಿದದ್ದನ್ನು ಡ್ರಮ್ಮಿಗೆ ಸುರಿಯುತ್ತಿದ್ದರು. ನಾನು ಶಿಫ್ಟು ಮುಗಿಸಿ, ತುಳುಕುವ ಡ್ರಮ್ಮುಗಳನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಹೋಗಿ, ಇನ್ನೊಮ್ಮೆ ಕುದಿಸಿ ಹಂದಿಗಳಿಗೆ ಹಾಕುತ್ತಿದ್ದೆ. ಅವರ ಪೊಂಗಲ್ ತಿಂದೇ ಮೈತುಂಬಿಕೊಂಡ ನನ್ನ ದೊಡ್ಡ ಹೆಣ್ಣುಹಂದಿಗೆ ಪೊಂಗಲಮ್ಮ ಎಂದು ಹೆಸರಿಟ್ಟವಳೂ ನಾಗವೇಣಿಯೇ.

ಹೀಗಿರುವಾಗ ತಾವು ಅಂಚೆಟ್ಟಿಯಿಂದ ದಯಮಾಡಿಸಿದಿರಿ. ಮೊದಲ ದಿನವೇ ತಮ್ಮ ಹುರುಳಿಕಟ್ಟಿನ ಸಾರಿನ ಘಮ ಮೆಷಿನ್ ಎಣ್ಣೆಯ ವಾಸನೆಯನ್ನು ಸೀಳಿಕೊಂಡು ನಮ್ಮ ವಿಭಾಗದವರೆಗೂ ಬಂತು. ಅಂದು ಡ್ರಮ್ಮಿಗೆ ಬಿದ್ದದ್ದು ಕರಿಬೇವು ಮತ್ತು ನುಗ್ಗೆಕಾಯಿ ಸಿಪ್ಪೆ. ಆ ಸಿಪ್ಪೆಯನ್ನೂ ಹಂದಿಗೆ ಬೇಡವಾಗುವಷ್ಟು ಶ್ರದ್ಧೆಯಿಂದ ಯಾರೋ ಅಗಿದಿದ್ದರು. ಬಿಹಾರದಿಂದ ಬಂದ ಹುಡುಗರು ಕೂಡ ವಾರದೊಳಗೆ ಮುದ್ದೆ ನುಂಗುವುದನ್ನು ಕಲಿತರು. ಅನ್ನ ಪೋಲಾಗುವುದನ್ನು ನಿಲ್ಲಿಸಿದ್ದಕ್ಕಾಗಿ ಮೇಲಿನವರು ತಮಗೆ ಶಾಲು ಹೊದಿಸಿದಾಗ ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ, ಹೊಟ್ಟೆಯೊಳಗಿನ ಸಂಕಟ ಯಾರಿಗೂ ಕಾಣದಿರಲಿ ಎಂದು.

ಹಸಿದ ಹಂದಿಗೆ ಬೇಲಿ ಯಾವ ಲೆಕ್ಕ? ಹಂದಿ ಬೇಲಿ ಹಾರುವುದಿಲ್ಲ, ಅಡಿಯಿಂದ ತೋಡುತ್ತದೆ. ಅದಕ್ಕೆಂದೇ ಬಲೆಯನ್ನು ಒಂದಡಿ ಮಣ್ಣಿನೊಳಗೆ ಹೂತಿದ್ದೆ. ಪೊಂಗಲಮ್ಮ ಎರಡಡಿ ತೋಡಿದಳು. ಪಕ್ಕದ ಚೆಲುವಮ್ಮನವರ ಹಸಿರುಮನೆಗೆ ನುಗ್ಗಿ, ಬೆಂಗಳೂರಿನ ಯಾವುದೋ ಮದುವೆಗೆ ಹೋಗಬೇಕಿದ್ದ ಗುಲಾಬಿಗಳನ್ನು ಮುಳ್ಳು ಸಮೇತ ಮೇಯ್ದಳು. “ಏನ್ಲಾ ಮುತ್ತ, ಮುಡ್ಕೊಳ್ಳೋ ಹೂವಾನೆಲ್ಲ ನಿನ್ ಹಂದಿ ತಿಂದ್ಬುಡ್ತಲ್ಲಾ, ಇನ್ನು ಒಂದ್ ಸೀರೇನೂ ಉಡಿಸ್ಬುಡು ಅದಕ್ಕೆ!” ಎಂದು ಚೆಲುವಮ್ಮನವರು ಬೀದಿಯಲ್ಲಿ ನಿಂತು ಕೂಗಿದ್ದನ್ನು ಊರೆಲ್ಲ ಕೇಳಿತು.

ಬೂಸಾ ಕಲಸಿಕೊಟ್ಟೆ, ಕೋಸಿನ ಎಲೆ ತಂದು ಹಾಕಿದೆ. ಪೊಂಗಲಮ್ಮನ ತುಂಬಿದ ಗಬ್ಬಕ್ಕೆ ಅಷ್ಟು ಸಾಲದೆಂದು ದನದ ಡಾಕ್ಟರು ಹೇಳಿದರು. ಅವಳ ಬೆನ್ನುಮೂಳೆ ಈಗ ದೂರಕ್ಕೇ ಕಾಣುತ್ತದೆ. “ಹೊಟ್ಟೆಗಿಕ್ಕಕ್ಕೆ ಆಗ್ದಿದ್ರೆ ಮಾರ್ಬುಡು, ಮೂಕಪ್ರಾಣಿ ಶಾಪ ನಮಗ್ಯಾಕೆ” ಎಂದ ನಾಗವೇಣಿ, ಸೋಮವಾರ ಬರುವಂತೆ ಕೃಷ್ಣಗಿರಿಯ ವ್ಯಾಪಾರಿಗೆ ಫೋನೂ ಮಾಡಿಸಿದ್ದಾಳೆ. ಆ ಮನುಷ್ಯ ಗಬ್ಬ ನೋಡುವವನಲ್ಲ, ತೂಕ ನೋಡುವವನು. ತಾಯಿ ಒದ್ದು ತಳ್ಳಿದ ಮರಿಯಾಗಿದ್ದ ಪೊಂಗಲಮ್ಮನಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿಕೊಂಡವನು ನಾನು. ಅವಳನ್ನು ಆ ಗಾಡಿ ಹತ್ತಿಸಲು ನನ್ನ ಕೈಯಲ್ಲಾಗದು.

ಆದ್ದರಿಂದ ತಮ್ಮಲ್ಲಿ ಅರಿಕೆ. ಕೈಗುಣವನ್ನೇ ಬಿಟ್ಟುಬಿಡಿ ಎನ್ನುವಷ್ಟು ಕಟುಕ ನಾನಲ್ಲ. ಮಂಗಳವಾರದ ಸಾರಿಗೆ ಎರಡು ಸಲ ಉಪ್ಪು ಹಾಕಿ, ಕೇಳಿದವರಿಗೆ ಮರೆತೆ ಎನ್ನಿ. ಗುರುವಾರ ರಘುನಾಥ್ ಅವರನ್ನು ಮುಖ್ಯ ಅತಿಥಿಯಾಗಿ ಕರೆಸಿ, ಉಪ್ಪಿಟ್ಟನ್ನು ಪಾತ್ರೆಯ ಆಕಾರದಲ್ಲೇ ಇಳಿಸುವ ವಿದ್ಯೆಯನ್ನು ಅವರಿಂದ ಕಲಿತುಕೊಳ್ಳಿ. ಅದೂ ಆಗದಿದ್ದರೆ ಎರಡನೇ ಸಲ ಬಡಿಸಿಕೊಳ್ಳಲು ಬರುವ ನಾಚಿಕೆಗೆಟ್ಟವರನ್ನಾದರೂ ಗದರಿಸಿ ಕಳಿಸಿ. ಅವರಲ್ಲಿ ಮೊದಲನೆಯವನು ನಾನೇ. ಅರ್ಧ ಊಟ ಪೊಂಗಲಮ್ಮನಿಗೆ ಎಂದು ಆಣೆಯಿಟ್ಟುಕೊಂಡು ಕೂರುತ್ತೇನೆ, ಏಳುವಾಗ ಖಾಲಿ ತಟ್ಟೆಯಲ್ಲಿ ನನ್ನ ಮುಖ ಕಾಣುತ್ತದೆ. ನಿಜಕ್ಕೂ ನಾಚಿಕೆಯಾಗುತ್ತದೆ ಮಾನ್ಯರೇ, ಆದರೂ ಹೋಗಿ ಮತ್ತೆ ಸಾಲಿನಲ್ಲಿ ನಿಲ್ಲುತ್ತೇನೆ.

ತಮ್ಮ ಅಡುಗೆ ಕೆಡಲೆಂದು ದಿನವೂ ಪ್ರಾರ್ಥಿಸಿ, ದಿನವೂ ಸೋಲುವ,
ತಮ್ಮ ವಿಶ್ವಾಸಿ,
ಮುತ್ತರಾಯಪ್ಪ

ವಿ.ಸೂ.: ಈ ಪತ್ರವನ್ನು ನೋಟಿಸ್ ಬೋರ್ಡಿಗೆ ಅಂಟಿಸುವ ಮೊದಲು ನಾಗವೇಣಿಗೆ ಓದಿ ಹೇಳಿದ್ದು ತಪ್ಪಾಯಿತು. ತಮ್ಮ ಸಾರಿನ ವರ್ಣನೆಯನ್ನು ಕೇಳಿದ್ದೇ ಆಕೆ, ನನಗೆಂದು ಇಟ್ಟಿದ್ದ ಮುದ್ದೆ-ಸಾರನ್ನು ಎತ್ತಿಕೊಂಡು ಹೋಗಿ ಪೊಂಗಲಮ್ಮನ ತೊಟ್ಟಿಗೆ ಸುರಿದಳು. ಹಂದಿ ತೊಟ್ಟಿಯ ತಳವನ್ನೂ ನೆಕ್ಕಿತು. “ನೋಡು, ನನ್ ಅಡುಗೆ ನೆಕ್ಕೋರೂ ಅವ್ರೆ” ಎಂದ ಆಕೆ ಅಂದಿನಿಂದ ಹಂಡೆಯಲ್ಲಿ ಹುರುಳಿ, ನುಚ್ಚು ಬೇಯಿಸಿ ಹಂದಿಗಳಿಗೆ ತಾನೇ ಬಡಿಸುತ್ತಿದ್ದಾಳೆ. ವ್ಯಾಪಾರಿಗೆ ಬರಬೇಡವೆಂದೂ ಹೇಳಿಸಿದ್ದಾಳೆ. ನನಗೆ ಮಾತ್ರ “ಅಲ್ಲೇ ಚೆಂದಾಗೈತಂತಲ್ಲ, ಅಲ್ಲೇ ತಿನ್ಕೊಂಡ್ ಬಾ” ಎಂಬ ಅಪ್ಪಣೆಯಾಗಿದೆ. ಆದ್ದರಿಂದ ಮೇಲಿನ ಅರಿಕೆಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ, ಉಪ್ಪು ಇದ್ದಂತೆಯೇ ಇರಲಿ. ಆದರೂ ಪತ್ರ ಅಂಟಿಸುತ್ತಿರುವುದು ಹೊಸದೊಂದು ದೂರಿಗಾಗಿ: ಭಾನುವಾರ ಕ್ಯಾಂಟೀನಿಗೆ ರಜೆ. ಆ ದಿನ ನಾನು ಎಲ್ಲಿ ಉಣ್ಣಬೇಕೆಂದು ದಯವಿಟ್ಟು ತಿಳಿಸಿ. ಪೊಂಗಲಮ್ಮನ ತೊಟ್ಟಿಯ ಹತ್ತಿರ ಹೋಗಿ ನೋಡಿದೆ, ಪಾಲು ಕೊಡುವ ಲಕ್ಷಣ ಕಾಣಲಿಲ್ಲ.